ರೂಪಕುಂಡದ ಭೂಗೋಳ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮಾಲಯದ ಪುಟ್ಟ ಕೆರೆ ರೂಪಕುಂಡ ಅಂದ ಕೂಡಲೇ ಎಲ್ಲರೂ ಕೇಳುವುದು ಅದರ ಸುತ್ತ ಬಿದ್ದಿರುವ ಮನುಷ್ಯರ ಅಸ್ಥಿಪಂಜರಗಳ ಬಗ್ಗೆ. ಕೆರೆಯ ಬಗ್ಗೆ ಕೇಳುವವರು ಕಡಿಮೆ. ಆ ಮೂಳೆಗಳು ಅಲ್ಲಿ ಸೇರಿದ್ದು, ಸಾವಿರ ವರ್ಷ ಕೆಡದೆ ಉಳಿದದ್ದು, ಸಂಶೋಧಕರನ್ನು ದಶಕಗಟ್ಟಲೆ ದಾರಿ ತಪ್ಪಿಸಿದ್ದು, ಇವೆಲ್ಲಕ್ಕೂ ಆ ಜಾಗದ ಆಕಾರ ಮತ್ತು ಹವೆಯೇ ಮುಖ್ಯ ಕಾರಣ. ಅದಕ್ಕೇ ಇಲ್ಲಿ ಕೆರೆಯಿಂದ ಶುರು ಮಾಡಿ ಮೂಳೆಗಳ ಕಡೆಗೆ ಹೋಗಿದ್ದೇನೆ.

ರೂಪಕುಂಡ ಎಲ್ಲಿದೆ?

ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ತ್ರಿಶೂಲ ಪರ್ವತದ ತಪ್ಪಲಿನ ಎತ್ತರದ ಜಾಗದಲ್ಲಿ. ತ್ರಿಶೂಲದ ಎತ್ತರ 7,120 ಮೀಟರ್. ಅದರ ನೆರೆಯ ನಂದಾ ಘುಂಟಿ 6,309 ಮೀಟರ್. ಕೆರೆಯ ಪಕ್ಕ ಊರಿಲ್ಲ, ರಸ್ತೆಯಿಲ್ಲ. ಹತ್ತಿರದ ಊರು ಅಂದರೆ ವಾಣ್ ಮತ್ತು ಲೋಹಾಜಂಗ್. ಅಲ್ಲಿಂದ ಮುಂದೆ ಹಲವು ದಿನಗಳ ನಡಿಗೆ.

ಎಷ್ಟು ದೊಡ್ಡ ಕೆರೆ?

ತುಂಬಾ ಚಿಕ್ಕದು. ಫೋಟೋ ನೋಡಿ ಹೋದವರಿಗೆ ಮೊದಲು ಆಶ್ಚರ್ಯ ಆಗುವುದೇ ಇದಕ್ಕೆ. ಅಡ್ಡಗಲ ಸುಮಾರು 40 ಮೀಟರ್. ನಮ್ಮ ಲೆಕ್ಕದಲ್ಲಿ ಹೇಳಬೇಕಂದರೆ ಹನ್ನೆರಡು ಗುಂಟೆ ಜಾಗ. ಆಳವೂ ಜಾಸ್ತಿ ಇಲ್ಲ, ಸುಮಾರು 3 ಮೀಟರ್. ಅದೂ ಹಿಮ ಕರಗಿ ನೀರು ತುಂಬಿದಾಗ. ಹಿಮ ಮುಚ್ಚಿದ್ದಾಗ ಕೆರೆ ಎಲ್ಲಿದೆ ಅಂತ ಗೈಡ್ ಬೆರಳು ತೋರಿಸಿಯೇ ಹೇಳಬೇಕು.

5,000 ಮೀಟರ್ ಎತ್ತರ ಅಂದರೆ ನಿಜಕ್ಕೂ ಹೇಗಿರುತ್ತದೆ?

ಸಂಶೋಧಕರು ಕೊಡುವ ಅಂಕಿ 5,029 ಮೀಟರ್. ಚಾರಣದ ಕೈಪಿಡಿಗಳಲ್ಲಿ 4,800ರ ಆಸುಪಾಸಿನ ಅಂಕಿಯೂ ಸಿಗುತ್ತದೆ. ಯಾವುದನ್ನು ತಗೊಂಡರೂ, ಕರ್ನಾಟಕದ ಅತಿ ಎತ್ತರದ ಜಾಗವಾದ ಮುಳ್ಳಯ್ಯನಗಿರಿಯ ಎರಡೂವರೆ ಪಟ್ಟು ಆಯಿತು.

ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕಮ್ಮಿ. ಪ್ರತಿ ಸಾವಿರ ಮೀಟರ್ ಏರಿದ ಹಾಗೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತಾ ಹೋಗುತ್ತದೆ. ಅಂದರೆ ಎತ್ತರದ ಕಾರಣಕ್ಕೇ ಬೆಂಗಳೂರಿಗಿಂತ 27 ಡಿಗ್ರಿಯಷ್ಟು ಚಳಿ ಜಾಸ್ತಿ. ಉತ್ತರದ ಚಳಿಗಾಲ, ಬೀಸುವ ಗಾಳಿ ಇವೆಲ್ಲ ಅದರ ಮೇಲೆ.

ನೀರು ಅಲ್ಲಿ ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಕುದಿ ಬಂದರೂ ಬೇಳೆ ಬೇಯುವುದಿಲ್ಲ. ಅದಕ್ಕೇ ಅಡುಗೆಯವರು ಭಾರ ಅಂತ ನೋಡದೆ ಪ್ರೆಶರ್ ಕುಕ್ಕರ್ ಹೊತ್ತು ತರುತ್ತಾರೆ. ಕುಡಿಯುವ ನೀರನ್ನು ಒಂದು ನಿಮಿಷ ಕುದಿಸಿದರೆ ಸಾಲದು, ಮೂರು ನಿಮಿಷ ಕುದಿಸಬೇಕು.

ಅಷ್ಟು ಎತ್ತರದಲ್ಲಿ ಕೆರೆ ಹುಟ್ಟಿದ್ದು ಹೇಗೆ?

ಹಿಮ ಕೊರೆದು ಮಾಡಿದ ಗುಂಡಿ ಅದು. ಬೆಟ್ಟದ ನೆತ್ತಿಯ ಕೆಳಗೆ ಬಿಸಿಲು ಕಡಿಮೆ ಬೀಳುವ ಒಂದು ತಗ್ಗು ಇದೆ ಅಂದುಕೊಳ್ಳಿ. ಅಲ್ಲಿ ಬಿದ್ದ ಹಿಮ ಬೇಸಿಗೆಯಲ್ಲೂ ಪೂರ್ತಿ ಕರಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಪದರ ಸೇರಿ, ಕೆಳಗಿನ ಹಿಮ ಒತ್ತಿ ಗಟ್ಟಿ ಮಂಜುಗಡ್ಡೆಯಾಗುತ್ತದೆ. ದಪ್ಪ ಸಾಕಷ್ಟು ಆದಮೇಲೆ ಅದು ತನ್ನ ಭಾರಕ್ಕೇ ನಿಧಾನವಾಗಿ ಜಾರಲು ಶುರು ಮಾಡುತ್ತದೆ. ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳು ಬಂಡೆಯನ್ನು ಉಜ್ಜುತ್ತವೆ, ಕೀಳುತ್ತವೆ.

ಇನ್ನೊಂದು ಕೆಲಸ ನೀರಿನದ್ದು. ಹಗಲು ಕರಗಿದ ನೀರು ಬಂಡೆಯ ಬಿರುಕಿಗೆ ಇಳಿಯುತ್ತದೆ. ರಾತ್ರಿ ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಬಿರುಕು ಸ್ವಲ್ಪ ದೊಡ್ಡದಾಗುತ್ತದೆ. ಮರುದಿನ ಅದೇ ಕಥೆ. ಹೀಗೆ ಸಾವಿರಾರು ವರ್ಷ ನಡೆದರೆ ಹಿಂದಿನ ಗೋಡೆ ಕಡಿದಾಗುತ್ತದೆ, ತಳ ಆಳವಾಗುತ್ತದೆ. ಮುಂದಿನ ಅಂಚಿನಲ್ಲಿ ಮಂಜುಗಡ್ಡೆ ತೆಳ್ಳಗಾಗಿ ಕೊರೆತ ಕಡಿಮೆಯಾಗುವುದರಿಂದ ಅಲ್ಲೊಂದು ದಿಬ್ಬ ಉಳಿಯುತ್ತದೆ. ಕೊನೆಗೆ ಸಿಗುವುದು ಬಾಣಲೆಯಂಥ ಒಂದು ಆಕಾರ. ಮಂಜುಗಡ್ಡೆ ಹಿಂದೆ ಸರಿದಮೇಲೆ ಬಾಣಲೆಯ ತಳದಲ್ಲಿ ನಿಂತ ನೀರೇ ಕೆರೆ. ಆಲ್ಪ್ಸ್ ಪರ್ವತಗಳಲ್ಲೂ ಸ್ಕಾಟ್ಲೆಂಡಿನಲ್ಲೂ ಇಂಥ ಪುಟ್ಟ ಕೆರೆಗಳು ಬೇಕಾದಷ್ಟಿವೆ. ಹುಟ್ಟಿನ ರೀತಿ ಎಲ್ಲ ಕಡೆ ಒಂದೇ.

ಈ ಆಕಾರವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರಗಳಿಗೆಲ್ಲ ಬೇಕಾಗುತ್ತದೆ.

ನಮ್ಮ ಪಶ್ಚಿಮ ಘಟ್ಟದಲ್ಲಿ ಇಂಥ ಕೆರೆ ಇಲ್ವಾ?

ಇಲ್ಲ. ಘಟ್ಟದ ಅತಿ ಎತ್ತರದ ಶಿಖರ ಕೇರಳದ ಆನಮುಡಿ. ಅದೇ 2,695 ಮೀಟರ್. ಉಷ್ಣವಲಯದಲ್ಲಿ ಈ ಎತ್ತರ ಹಿಮನದಿ ಹುಟ್ಟಲು ಏನೇನೂ ಸಾಲದು. ಚಿಕ್ಕಮಗಳೂರಿನ ಹಿರೇಕೊಳಲೆ ನೋಡಿ, ಬೆಟ್ಟದ ಮಧ್ಯೆ ಎಷ್ಟು ಚಂದ ಕಾಣುತ್ತದೆ ಅಲ್ವಾ? ಆದರೆ ಅದು ನೀರಾವರಿಗೆ ಜನ ಕಟ್ಟಿದ ಕೆರೆ.

ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಯಾವಾಗ ಹೋದರೆ ನೀರು ಕಾಣುತ್ತದೆ?

ಸುತ್ತಲಿನ ಇಳಿಜಾರಿನ ಹಿಮ ಕರಗಿದ ನೀರು, ಜೊತೆಗೆ ಮಳೆ. ದೊಡ್ಡ ತೊರೆ ಯಾವುದೂ ಬಂದು ಸೇರುವುದಿಲ್ಲ.

ವರ್ಷದ ಬಹುಭಾಗ ಅದು ಹಿಮದಡಿಯಲ್ಲೇ ಇರುತ್ತದೆ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮಾರುತಗಳು ಹಿಮ ಸುರಿಸುತ್ತವೆ. ಮೇ, ಜೂನ್ ಹೊತ್ತಿಗೆ ಹೋದವರಿಗೆ ಸಾಮಾನ್ಯವಾಗಿ ಕಾಣುವುದು ಬಿಳಿ ತಟ್ಟೆ, ಅಂಚಿನಲ್ಲಿ ಸ್ವಲ್ಪ ನೀಲಿ. ಜುಲೈ, ಆಗಸ್ಟಿನಲ್ಲಿ ಮಳೆ, ಮಂಜು, ಜಾರುವ ದಾರಿ. ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಹೊಸ ಹಿಮ ಬೀಳುವ ತನಕ ನೀರು ಚೆನ್ನಾಗಿ ಕಾಣುತ್ತದೆ. ಮೂಳೆಗಳು ಕಾಣುವುದೂ ಆಗಲೇ.

ದಾರಿಯಲ್ಲಿ ಭೂಮಿ ಹೇಗೆ ಬದಲಾಗುತ್ತಾ ಹೋಗುತ್ತದೆ?

ನನಗೆ ಇಡೀ ರೂಪಕುಂಡದಲ್ಲಿ ತುಂಬಾ ಇಷ್ಟವಾದ ಪಾಠ ಇದೇ. ವಾಣ್ ಊರಿನ ಸುತ್ತ ಹೊಲ, ಮನೆ, ಮರ ಎಲ್ಲ ಇದೆ. ಅಲ್ಲಿಂದ ನೀಲಗಂಗಾ ತೊರೆ ದಾಟಿ ಗೈರೋಲಿ ಪಾತಾಲ್ ಕಡೆಗೆ ಏರಿದರೆ ದಟ್ಟ ಓಕ್ ಕಾಡು. ಮಧ್ಯೆ ಮಧ್ಯೆ ಕೆಂಪು ಹೂವಿನ ಬುರಾನ್ಸ್ ಮರಗಳು. ಸುಮಾರು 3,300 ಮೀಟರ್ ಹತ್ತಿರ ಬಂದಾಗ ಮರಗಳು ಕುಳ್ಳಗಾಗುತ್ತವೆ, ಸೊಟ್ಟಗಾಗುತ್ತವೆ. ಆಮೇಲೆ ಇದ್ದಕ್ಕಿದ್ದ ಹಾಗೆ ಕಾಡು ಮುಗಿದು ಬೇದನಿ ಬುಗ್ಯಾಲ್ ತೆರೆದುಕೊಳ್ಳುತ್ತದೆ. ಬುಗ್ಯಾಲ್ ಅಂದರೆ ಅಲ್ಲಿನವರು ಕುರಿ, ಕುದುರೆ ಮೇಯಿಸುವ ಎತ್ತರದ ಹುಲ್ಲುಗಾವಲು. ಪಕ್ಕದಲ್ಲೇ ಆಲಿ ಬುಗ್ಯಾಲ್.

ನಮ್ಮ ಕುದುರೆಮುಖದ ಹುಲ್ಲುಗಾವಲು ನೆನಪಾಗಬಹುದು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕುದುರೆಮುಖದಲ್ಲಿ ಹುಲ್ಲಿನ ಮಡಿಕೆಗಳಲ್ಲಿ ಶೋಲಾ ಕಾಡು ಇದ್ದೇ ಇರುತ್ತದೆ. ಬುಗ್ಯಾಲಿನಿಂದ ಮೇಲಕ್ಕೆ ಮರ ಬೆಳೆಯುವಷ್ಟು ಬೆಚ್ಚಗಿನ ದಿನಗಳೇ ವರ್ಷದಲ್ಲಿ ಇಲ್ಲ.

ಮುಂದೆ ಪಾತರ್ ನಚೌನಿ. ಅಲ್ಲಿಂದ ಕಡಿದಾದ ಏರು ಹತ್ತಿದರೆ ಕಾಲು ವಿನಾಯಕ. ಕಪ್ಪು ಕಲ್ಲಿನ ಗಣಪ, ಸುತ್ತ ಕಲ್ಲು ಪೇರಿಸಿದ ಪುಟ್ಟ ಗುಡಿ. ಅದರಾಚೆ ಭಗುವಾಬಾಸಾ, ಸುಮಾರು 4,300 ಮೀಟರ್. ಕಲ್ಲಿನ ಸಣ್ಣ ಗುಡಿಸಲುಗಳು, ನೆಲದ ತುಂಬ ಬಂಡೆ ಚೂರು. ಇಲ್ಲಿ ಹುಲ್ಲೂ ಅಪರೂಪ. ಬಂಡೆಗಳ ಸಂದಿಯಲ್ಲಿ ಬ್ರಹ್ಮಕಮಲ ಅರಳುತ್ತದೆ. ಇದು ಉತ್ತರಾಖಂಡದ ರಾಜ್ಯದ ಹೂವು. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಬೇರೆಯೇ ಗಿಡ. ಅದು ಕಳ್ಳಿ ಜಾತಿಯದು, ಅಮೆರಿಕ ಖಂಡದಿಂದ ಬಂದದ್ದು. ಹಿಮಾಲಯದ್ದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಹೂವಿನ ಸುತ್ತ ತೆಳು ಹಸಿರು ಎಸಳುಗಳು ಕಾಗದದ ಪೊಟ್ಟಣದ ಹಾಗೆ ಮಡಚಿಕೊಂಡಿರುತ್ತವೆ. ಒಳಗೆ ಚಳಿ ತಾಗದಂತೆ ನೇರಳೆ ಹೂಗೊಂಚಲು. ಕೀಳಬೇಡಿ.

ಭಗುವಾಬಾಸಾದಿಂದ ಕೆರೆಗೆ ಕೊನೆಯ ಏರು. ಬೆಳಕು ಹರಿಯುವ ಮುಂಚೆಯೇ ಹೊರಡುತ್ತಾರೆ. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿರುತ್ತದೆ, ಬಿಸಿಲೇರಿದರೆ ಮೆತ್ತಗಾಗಿ ಕಾಲು ಹೂತು ಹೋಗುತ್ತದೆ, ಮೇಲಿನ ಕಲ್ಲುಗಳೂ ಸಡಿಲವಾಗುತ್ತವೆ. ಗೈಡ್ ಬೂಟಿನ ತುದಿಯಿಂದ ಹಿಮಕ್ಕೆ ಒದ್ದು ಮೆಟ್ಟಿಲು ಮಾಡುತ್ತಾ ಮುಂದೆ ಹೋಗುತ್ತಾನೆ. ಹಿಂದಿನವರು ಅದೇ ಗುಂಡಿಯಲ್ಲಿ ಕಾಲಿಡಬೇಕು. ಕೆರೆ ಕೊನೆಯ ಕ್ಷಣದವರೆಗೂ ಕಾಣುವುದಿಲ್ಲ. ಅಂಚು ಹತ್ತಿದ ಮೇಲೆ ಕೆಳಗೆ ಕಾಣುತ್ತದೆ.

ಅಸ್ಥಿಪಂಜರಗಳು ಯಾರದ್ದು?

1942ರಲ್ಲಿ ಅರಣ್ಯ ರೇಂಜರ್ ಹರಿ ಕಿಶನ್ ಮಧ್ವಾಲ್ ಇವನ್ನು ಕಂಡು ಹೊರಜಗತ್ತಿಗೆ ತಿಳಿಸಿದರು. ಯುದ್ಧದ ಕಾಲ. ಜಪಾನಿ ಸೈನಿಕರಿರಬೇಕು ಅಂತ ಮೊದಲ ಅನುಮಾನ. 1841ರಲ್ಲಿ ಟಿಬೆಟಿನ ಮೇಲೆ ದಂಡೆತ್ತಿ ಹೋದ ಜನರಲ್ ಜೋರಾವರ್ ಸಿಂಗನ ಸೈನ್ಯ ಅಂತಲೂ ಕೆಲವರು ಹೇಳಿದರು. ಆಮೇಲೆ, ಒಂಬತ್ತನೇ ಶತಮಾನದ ಯಾತ್ರಿಕರ ಗುಂಪು ಒಂದೇ ಬಿರುಗಾಳಿಯಲ್ಲಿ ಸತ್ತಿತು ಅನ್ನುವ ವಿವರಣೆ ಗಟ್ಟಿಯಾಯಿತು.

2019ರಲ್ಲಿ ಚಿತ್ರವೇ ಬದಲಾಯಿತು. ಜೀವಕೋಶ ಮತ್ತು ಅಣುಜೀವವಿಜ್ಞಾನದ ಸಂಶೋಧನೆ ಮಾಡುವ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯೂ ಸೇರಿ ಹಲವು ದೇಶಗಳ ವಿಜ್ಞಾನಿಗಳು 38 ಜನರ ಮೂಳೆಗಳ ಡಿಎನ್‌ಎ ಪರೀಕ್ಷೆ ಮಾಡಿ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ 23 ಜನ ದಕ್ಷಿಣ ಏಷ್ಯಾದವರು. ಅವರು ಸತ್ತದ್ದು ಏಳನೆಯಿಂದ ಹತ್ತನೆಯ ಶತಮಾನದ ನಡುವೆ, ಅದೂ ಒಂದೇ ಸಲ ಅಲ್ಲ. 14 ಜನರ ಮೂಲ ಪೂರ್ವ ಮೆಡಿಟರೇನಿಯನ್. ಇಂದಿನ ಗ್ರೀಸ್ ಮತ್ತು ಕ್ರೀಟ್ ದ್ವೀಪದ ಜನರಿಗೆ ಅವರು ಹತ್ತಿರ. ಇವರು ಸತ್ತದ್ದು ಸುಮಾರು 1800ರಲ್ಲಿ, ಅಂದರೆ ಮೊದಲ ಗುಂಪಾಗಿ ಹೆಚ್ಚುಕಮ್ಮಿ ಸಾವಿರ ವರ್ಷ ಆದಮೇಲೆ. ಉಳಿದ ಒಬ್ಬರ ಮೂಲ ಆಗ್ನೇಯ ಏಷ್ಯಾ. ಅಲೆಕ್ಸಾಂಡರನ ಸೈನಿಕರ ವಂಶ ಅನ್ನುವ ಕಥೆ ಈಗಲೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ಈ ಅಧ್ಯಯನ ಅದಕ್ಕೆ ಯಾವ ಆಧಾರವನ್ನೂ ಕೊಡುವುದಿಲ್ಲ.

ಗಂಡಸರೂ ಹೆಂಗಸರೂ ಇದ್ದಾರೆ, ಹಾಗಾಗಿ ಸೈನ್ಯ ಅನ್ನುವ ಮಾತು ನಿಲ್ಲುವುದಿಲ್ಲ. ಪರೀಕ್ಷಿಸಿದವರಲ್ಲಿ ಹತ್ತಿರದ ರಕ್ತಸಂಬಂಧಿಗಳಿಲ್ಲ. ಸಾಂಕ್ರಾಮಿಕ ರೋಗದ ಬ್ಯಾಕ್ಟೀರಿಯಾದ ಗುರುತೂ ಸಿಗಲಿಲ್ಲ. ಮೆಡಿಟರೇನಿಯನ್ ಮೂಲದ ಆ ಹದಿನಾಲ್ಕು ಜನ ಅಲ್ಲಿಗೆ ಯಾಕೆ ಬಂದರು ಅನ್ನುವುದು ಇನ್ನೂ ಬಿಡಿಸದ ಒಗಟು.

ಹಾಗಾದರೆ ಒಂದೇ ದುರಂತ ಅಂತ ಅಷ್ಟು ವರ್ಷ ಯಾಕೆ ನಂಬಿದ್ದರು?

ಇಲ್ಲೇ ಆ ಬಾಣಲೆ ಕೆಲಸಕ್ಕೆ ಬರುವುದು. ಸಾಮಾನ್ಯವಾಗಿ ಉತ್ಖನನದಲ್ಲಿ ಹಳೆಯದು ಕೆಳಗೆ, ಹೊಸದು ಮೇಲೆ ಇರುತ್ತದೆ. ಪದರ ನೋಡಿ ಕಾಲ ಹೇಳಬಹುದು. ರೂಪಕುಂಡದಲ್ಲಿ ಪದರವೇ ಇಲ್ಲ. ಕಡಿದಾದ ಇಳಿಜಾರಿನಿಂದ ಕಲ್ಲು ಜಾರುತ್ತದೆ, ಹಿಮ ಜಾರುತ್ತದೆ, ಜೊತೆಗೆ ಮೂಳೆಯೂ ಜಾರುತ್ತದೆ. ಎಲ್ಲ ಬಂದು ತಳದ ನೀರಿನ ಸುತ್ತ ಸೇರುತ್ತದೆ. ಎಂಟನೇ ಶತಮಾನದವನ ಬುರುಡೆಯ ಪಕ್ಕ ಹತ್ತೊಂಬತ್ತನೇ ಶತಮಾನದವನ ತೊಡೆಮೂಳೆ. ನೋಡಿದವರಿಗೆ ಎಲ್ಲ ಒಟ್ಟಿಗೇ ಸತ್ತ ಹಾಗೆ ಕಾಣುತ್ತದೆ. ಚಾರಣಿಗರು ಎತ್ತಿ ಜೋಡಿಸಿ, ಫೋಟೋ ತೆಗೆದು, ಬೇರೆ ಕಡೆ ಇಟ್ಟು ಇನ್ನೂ ಕಲಸಿಬಿಟ್ಟರು.

ಇಷ್ಟು ವರ್ಷ ಕೆಡದೆ ಉಳಿದದ್ದು ಹೇಗೆ?

ಚಳಿ. ವರ್ಷದ ಹೆಚ್ಚಿನ ತಿಂಗಳು ಹೆಪ್ಪುಗಟ್ಟಿರುವ ಕಡೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಕೆಲವು ಮೂಳೆಗಳ ಮೇಲೆ ಮಾಂಸ ಕೂಡ ಅಂಟಿಕೊಂಡಿತ್ತು. ಡಿಎನ್‌ಎ ಸಿಕ್ಕಿದ್ದೂ ಈ ಚಳಿಯ ಕೃಪೆಯಿಂದಲೇ. ನಮ್ಮ ಕರಾವಳಿಯ ಬಿಸಿ, ತೇವದ ಮಣ್ಣಿನಲ್ಲಿ ಇಷ್ಟು ಚೆನ್ನಾಗಿ ಉಳಿಯುವುದು ತೀರಾ ಕಷ್ಟ.

ಆಲಿಕಲ್ಲು ಬಿದ್ದು ಸತ್ತರು ಅನ್ನುತ್ತಾರಲ್ಲ, ನಿಜಾನಾ?

ಊರಿನವರ ಕಥೆ ಹೀಗಿದೆ: ಕನೌಜಿನ ರಾಜ ಜಸಧವಲ ಗರ್ಭಿಣಿ ರಾಣಿ, ಪರಿವಾರ, ನರ್ತಕಿಯರ ಜೊತೆ ನಂದಾದೇವಿಯ ಯಾತ್ರೆಗೆ ಹೊರಟ. ಪವಿತ್ರ ನೆಲದಲ್ಲಿ ಕುಣಿತ ನಡೆಸಿದ್ದಕ್ಕೆ ದೇವಿ ಸಿಟ್ಟಾದಳು. ಪಾತರ್ ನಚೌನಿಯಲ್ಲಿ ನರ್ತಕಿಯರು ಕಲ್ಲಾದರು. ಉಳಿದವರ ಮೇಲೆ ರೂಪಕುಂಡದ ಹತ್ತಿರ ಕಬ್ಬಿಣದಂಥ ಆಲಿಕಲ್ಲು ಸುರಿಯಿತು.

ಕೆಲವು ಬುರುಡೆಗಳಲ್ಲಿ ಮೇಲಿನಿಂದ ಬಲವಾದ ಪೆಟ್ಟು ಬಿದ್ದ, ವಾಸಿಯಾಗದ ಬಿರುಕುಗಳಿವೆ. ಆಲಿಕಲ್ಲಿಗೆ ಇದು ಹೊಂದುತ್ತದೆ. ಜಾಗವನ್ನು ಯೋಚಿಸಿದರೆ ನಂಬುವುದು ಕಷ್ಟವಲ್ಲ. ಮರದ ಗಡಿಯಿಂದ ಒಂದೂವರೆ ಸಾವಿರ ಮೀಟರ್ ಮೇಲೆ ತಲೆ ಮರೆಸಿಕೊಳ್ಳಲು ಒಂದು ಪೊದೆಯೂ ಇಲ್ಲ. ಹಿಂದೆ ಕಡಿದಾದ ಗೋಡೆ, ಕೆಳಗೆ ಜಾರುವ ಇಳಿಜಾರು. ಓಡುವುದಾದರೂ ಎಲ್ಲಿಗೆ? ಆದರೆ ಎಲ್ಲರೂ ಆಲಿಕಲ್ಲಿಗೇ ಸತ್ತರು ಅನ್ನಲಾಗದು. ಬೇರೆ ಬೇರೆ ಶತಮಾನದವರು ಅಂತ ಗೊತ್ತಾದ ಮೇಲಂತೂ ಆ ಮಾತು ನಿಲ್ಲುವುದಿಲ್ಲ. ನನಗನ್ನಿಸುವುದು, ಕೆಲವು ಯಾತ್ರಿಕರ ಗುಂಪುಗಳ ಮಟ್ಟಿಗೆ ಊರಿನ ಕಥೆ ಒಂದು ನಿಜವಾದ ನೆನಪನ್ನೇ ಹಿಡಿದಿಟ್ಟುಕೊಂಡಿದೆ.

ಅಂಥ ಅಪಾಯದ ಜಾಗಕ್ಕೆ ಯಾತ್ರಿಕರು ಯಾಕೆ ಹೋಗುತ್ತಿದ್ದರು?

ಕೆರೆ ಯಾತ್ರೆಯ ದಾರಿಯಲ್ಲಿದೆ. ಚಮೋಲಿಯ ನೌಟಿ ಊರಿನಿಂದ ಹೊರಡುವ ನಂದಾದೇವಿ ರಾಜ್‌ಜಾತ್ ಯಾತ್ರೆ ವಾಣ್, ಬೇದನಿ, ರೂಪಕುಂಡ ದಾಟಿ, ಜ್ಯೂನಾರ್‌ಗಲಿ ಅನ್ನುವ ಕಡಿದಾದ ಕಂಡಿ ಹತ್ತಿ, ಆಚೆ ಶಿಲಾಸಮುದ್ರಕ್ಕೆ ಇಳಿದು ಹೋಮಕುಂಡ ತಲುಪುತ್ತದೆ. ಅಲ್ಲಿ ನಾಲ್ಕು ಕೊಂಬಿನ ಟಗರನ್ನು ಪರ್ವತದ ಕಡೆಗೆ ಬಿಡುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಅನ್ನುವುದು ವಾಡಿಕೆ. ಈಚಿನವು 1987, 2000 ಮತ್ತು 2014ರಲ್ಲಿ ನಡೆದವು. 2013ರಲ್ಲಿ ಆಗಬೇಕಿದ್ದ ಯಾತ್ರೆ ಆ ವರ್ಷದ ಕೇದಾರನಾಥ ದುರಂತದಿಂದ ಮುಂದಕ್ಕೆ ಹೋಯಿತು. ಹತ್ತಿರದ ದೇವಸ್ಥಾನಗಳಲ್ಲಿ ಎಂಟರಿಂದ ಹತ್ತನೇ ಶತಮಾನದ ಶಾಸನಗಳಿವೆ. ಯಾತ್ರೆಯ ಮೂಲ ಅಷ್ಟು ಹಳೆಯದಿರಬಹುದು ಅನ್ನಲು ಅವೇ ಆಧಾರ.

ಭಾದ್ರಪದದಲ್ಲಿ ನಾವು ಗೌರಿಯನ್ನು ತವರಿಗೆ ಕರೆದು ಬಾಗಿನ ಕೊಡುತ್ತೇವೆ. ಹೆಚ್ಚುಕಮ್ಮಿ ಅದೇ ದಿನಗಳಲ್ಲಿ, ನಂದಾಷ್ಟಮಿಯ ಹೊತ್ತಿಗೆ, ಅಲ್ಲಿನವರು ಮಗಳು ನಂದೆಯನ್ನು ತವರಿನಿಂದ ಶಿವನ ಮನೆಗೆ ಕಳಿಸುತ್ತಾರೆ. ಹೆಂಗಸರು ಅಳುತ್ತಾ ಹಾಡುತ್ತಾರೆ. ಆ ಬೀಳ್ಕೊಡುಗೆಯ ದಾರಿಯಲ್ಲಿ ಒಂದು ಕಷ್ಟದ ಏರು ಈ ಕೆರೆಯದ್ದು.

ಕೇದಾರನಾಥದ ಹಾಗೆ ಈ ಕೆರೆಯೂ ಒಡೆದು ಪ್ರವಾಹ ತರಬಹುದಾ?

ಅಷ್ಟು ನೀರೇ ಇಲ್ಲಿಲ್ಲ. 2013ರಲ್ಲಿ ಕೇದಾರನಾಥದ ಮೇಲ್ಗಡೆ ಒಡೆದದ್ದು ಚೋರಾಬಾರಿ. ಅದು ಹಿಮನದಿ ತಂದು ಸುರಿದ ಸಡಿಲ ಮಣ್ಣು ಕಲ್ಲಿನ ದಿಬ್ಬದ ಹಿಂದೆ ನಿಂತಿದ್ದ ದೊಡ್ಡ ಕೆರೆ. ರೂಪಕುಂಡದ್ದು ಹನ್ನೆರಡು ಗುಂಟೆ, ಮೂರು ಮೀಟರ್ ಆಳ.

ಕೆರೆ ಮುಂದೊಂದು ದಿನ ಮಾಯವಾಗುತ್ತದಾ?

ಇಂಥ ಪುಟ್ಟ ಕೆರೆಗಳಿಗೆ ಆಯಸ್ಸು ಇರುತ್ತದೆ. ಗೋಡೆಯಿಂದ ಬೀಳುವ ಕಲ್ಲು, ಹೂಳು ತಳವನ್ನು ತುಂಬುತ್ತಲೇ ಇರುತ್ತವೆ. ಹಿಮ ಕಮ್ಮಿ ಬಿದ್ದ ವರ್ಷ ನೀರೂ ಕಮ್ಮಿ. ಹಿಮಾಲಯ ಬೆಚ್ಚಗಾಗುತ್ತಿರುವಾಗ ದೊಡ್ಡ ಸರೋವರಕ್ಕಿಂತ ಬೇಗ ಪೆಟ್ಟು ತಿನ್ನುವುದು ಇಂಥ ಕೆರೆಗಳೇ. ಹಿಮದ ಹೊದಿಕೆ ಹೆಚ್ಚು ದಿನ ಇಲ್ಲದಿದ್ದರೆ ಮೂಳೆಗಳೂ ಬೇಗ ಕೆಡುತ್ತವೆ.

ಈಗ ಚಾರಣ ಹೋಗಬಹುದಾ?

2018ರ ಆಗಸ್ಟಿನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ಆಲಿ, ಬೇದನಿ ಉಳಿಸಲು ಹೋರಾಡಿದ ಸ್ಥಳೀಯರ ಅರ್ಜಿಯ ಮೇಲೆ ಬಂದ ಆದೇಶ ಅದು. ಡೇರೆ ಹಾಕದೆ ರೂಪಕುಂಡ ಮುಟ್ಟುವುದು ಸಾಧ್ಯವಿಲ್ಲ, ಹಾಗಾಗಿ ಕಂಪನಿಗಳ ಚಾರಣ ನಿಂತಿತು. ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ತೆಗೆಯುವ ಮುಂಚೆ ಅಲ್ಲಿನ ಅರಣ್ಯ ಇಲಾಖೆಯಲ್ಲೇ ಕೇಳಿ. ಯಾರೋ ‘ನಾವು ಅಡ್ಜಸ್ಟ್ ಮಾಡ್ತೀವಿ’ ಅಂದರೆ ಹೋಗಬೇಡಿ. ಹುಲ್ಲಿನ ತೆಳು ಪದರ ಒಮ್ಮೆ ಕಿತ್ತುಹೋದರೆ, ವರ್ಷಕ್ಕೆ ಕೆಲವೇ ತಿಂಗಳು ಬೆಳೆಯುವ ಜಾಗದಲ್ಲಿ ಮತ್ತೆ ಕೂಡಿಕೊಳ್ಳಲು ಬಹಳ ಕಾಲ ಬೇಕು. ಆದೇಶದಿಂದ ಗೈಡ್, ಕುದುರೆಯವರ ದುಡಿಮೆಗೆ ಏಟು ಬಿದ್ದದ್ದೂ ನಿಜ. ನಿಯಮ ಪಾಲಿಸುವ ಬೇರೆ ದಾರಿಗಳಲ್ಲಿ ಅವರನ್ನೇ ಕರೆದುಕೊಂಡು ಹೋಗಿ.

ಇಂಥ ಎತ್ತರಕ್ಕೆ ಹೋಗುವವರು ಏನು ಜಾಗ್ರತೆ ಮಾಡಬೇಕು?

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 300ರಿಂದ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ತಲೆನೋವು, ವಾಕರಿಕೆ ಬಂದರೆ ಮುಚ್ಚಿಡಬೇಡಿ. ಕೂತಲ್ಲೇ ಉಸಿರು ಸಿಗದಿದ್ದರೆ, ನಡಿಗೆ ತಡವರಿಸಿದರೆ, ಮಾತು ತೊದಲಿದರೆ ರಾತ್ರಿಯಾದರೂ ಸರಿ, ಕೆಳಗೆ ಇಳಿಸಲೇಬೇಕು. ದಿನಾ ಹತ್ತು ಕಿಲೋಮೀಟರ್ ಓಡುವವರಿಗೂ ಇದು ಬರಬಹುದು.

ಮೂಳೆ ಎತ್ತಿ ನೋಡಬಹುದಾ?

ಬೇಡ. ಅವರು ದಾರಿಯಲ್ಲಿ ಸತ್ತ ಮನುಷ್ಯರು, ಮನೆಗೆ ಮರಳದೇ ಹೋದವರು. ಬುರುಡೆ ಹಿಡಿದು ಸೆಲ್ಫಿ ತೆಗೆಯುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮೂಳೆಗಳನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದವರೂ ಇದ್ದಾರೆ. ಒಂದು ಮೂಳೆ ಹೋದರೆ ಒಬ್ಬ ವ್ಯಕ್ತಿಯ ಊರು, ಊಟ, ಕಾಲ ತಿಳಿಯುವ ಅವಕಾಶವೇ ಹೋಯಿತು.

ರೂಪಕುಂಡ ಆಗದಿದ್ದರೆ ಹತ್ತಿರದಲ್ಲಿ ಬೇರೆ ಯಾವ ಕೆರೆ ನೋಡಬಹುದು?

ಅದೇ ಲೋಹಾಜಂಗ್‌ನಿಂದ ಬೇಕಲ್‌ತಾಲ್ ಮತ್ತು ಬ್ರಹ್ಮತಾಲ್‌ಗೆ ದಾರಿ ಇದೆ. ಎತ್ತರ ರೂಪಕುಂಡಕ್ಕಿಂತ ತುಂಬಾ ಕಡಿಮೆ. ಬೇಕಲ್‌ತಾಲ್ ಕಾಡಿನ ನಡುವೆ ಇದೆ, ಚಳಿಗಾಲದಲ್ಲಿ ಮೇಲ್ಮೈ ಹೆಪ್ಪುಗಟ್ಟುತ್ತದೆ. ಬ್ರಹ್ಮತಾಲ್ ದಾರಿಯ ಮೇಲಿನಿಂದ ತ್ರಿಶೂಲ, ನಂದಾ ಘುಂಟಿ ಎರಡೂ ಎದುರಿಗೇ ಕಾಣುತ್ತವೆ. ಕಾಡು ಎಲ್ಲಿ ಮುಗಿಯುತ್ತದೆ, ಹುಲ್ಲು ಎಲ್ಲಿ ಶುರು, ಬರೀ ಬಂಡೆ ಎಲ್ಲಿಂದ ಅನ್ನುವುದನ್ನು ಎದುರಿನ ಬೆಟ್ಟದ ಮೇಲೆ ಗೆರೆ ಎಳೆದ ಹಾಗೆ ಗುರುತಿಸಬಹುದು. ಡಿಸೆಂಬರಿನಿಂದ ಮಾರ್ಚ್‌ವರೆಗೂ ಜನ ಹೋಗುತ್ತಾರೆ. ಪರ್ಮಿಟ್ ಮಾತ್ರ ಮೊದಲೇ ವಿಚಾರಿಸಿ.